ಅಣ್ಣ ತಂಗಿ ಮುನಿದರು, ರಾಜ್ಯವೇ ಹೋಯಿತು! ಬರೆದವರ ಮನೆ ಎಲ್ಲಿತ್ತು ಗೊತ್ತೇ?

ಒಂದು ಕತೆಯ ಸುಳಿವು ಕೊಡುತ್ತೇನೆ. ಯಾವುದೆಂದು ಹೇಳಿ ನೋಡೋಣ!

ದಕ್ಷಿಣದ ಒಂದು ದೊಡ್ಡ ಮನೆ. ಆನೆ, ಕುದುರೆ, ಆಳುಕಾಳು, ಭತ್ತದ ಗದ್ದೆ, ಮೆಣಸಿನ ಬಳ್ಳಿ, ಯಾವುದಕ್ಕೂ ಕಡಿಮೆಯಿಲ್ಲ. ಯುದ್ಧ ಇನ್ನೂ ಶುರುವಾಗಿಲ್ಲ. ಗಡಿಯಲ್ಲಿ ಒಂದು ಗುಂಡೂ ಹಾರಿಲ್ಲ. ಆದರೆ ಮನೆಯೊಳಗೆ? ಅಲ್ಲಿ ಆಗಲೇ ಹೊತ್ತಿಕೊಂಡಿದೆ! ಅಣ್ಣನಿಗೆ ತಂಗಿಯ ಮೇಲೆ ಗುಮಾನಿ. ತಂಗಿಗೆ ಅಣ್ಣನೆಂದರೆ ಜೀವಭಯ. ಮಂತ್ರಿಗಳಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ. ಕೊನೆಗೆ ತಂಗಿ ಗಂಡನ ಜೊತೆ ಗಡಿ ದಾಟಿ ಓಡಿಯೇ ಹೋಗುತ್ತಾಳೆ. ಎರಡು ವರ್ಷ ಕಳೆಯುವುದರೊಳಗೆ ರಾಜ್ಯವೇ ಇಲ್ಲ!

ಅಮೆರಿಕದ ಅಂತರ್ಯುದ್ಧ ಅಂದಿರಾ? 'ಗಾನ್ ವಿತ್ ದ ವಿಂಡ್' ನೆನಪಾಯಿತೇ? ಅಲ್ಲ!

ಮಹಾಭಾರತ? ದಾಯಾದಿ ಜಗಳ ಅಂದರೆ ನಮಗೆ ಮೊದಲು ಹೊಳೆಯುವುದು ಅದೇ. ಅದೂ ಅಲ್ಲ.

ಇದು ನಮ್ಮ ಕೊಡಗು! ಕಾದಂಬರಿಯ ಹೆಸರು 'ಚಿಕವೀರ ರಾಜೇಂದ್ರ'. ಬರೆದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್. ಜಯನಗರದವರೇ, ಬನಶಂಕರಿಯವರೇ, ಜೆ.ಪಿ. ನಗರ, ಬಿಟಿಎಂ ಲೇಔಟ್‌ನವರೇ, ಇಲ್ಲಿ ಸ್ವಲ್ಪ ಕಿವಿಗೊಡಿ. ಕೊಡಗಿನ ಮಳೆ, ಮಂಜು, ಕೋವಿ, ಕಾವೇರಿಯನ್ನೆಲ್ಲ ತುಂಬಿಕೊಂಡ ಈ ಪುಸ್ತಕ ಬರೆದವರ ಮನೆ ಇದ್ದದ್ದು ಮಡಿಕೇರಿಯಲ್ಲಲ್ಲ, ಮೈಸೂರಿನಲ್ಲೂ ಅಲ್ಲ. ನಿಮ್ಮ ಪಕ್ಕದ ಗವಿಪುರದಲ್ಲಿ!

ಹೌದು, ಅದೇ ಗವಿಪುರ! ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ತೂರಿ ಲಿಂಗ ಮುಟ್ಟುವುದನ್ನು ನೋಡಲು ಜನ ಮುಗಿಬೀಳುವ ಗವಿಗಂಗಾಧರೇಶ್ವರನ ಗವಿಪುರ! ನ್ಯಾಷನಲ್ ಕಾಲೇಜ್ ಮೆಟ್ರೊದಲ್ಲಿ ಇಳಿದರೆ ಒಂದು ಒಳ್ಳೆಯ ನಡಿಗೆ, ಅಷ್ಟೆ.

ಮೈಸೂರು ಸರ್ಕಾರದ ನೌಕರಿ ಬಿಟ್ಟು ಬಂದ ದೊಡ್ಡ ಅಧಿಕಾರಿ. ಸಂಜೆಯಾದರೆ ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗಿ ಇಸ್ಪೀಟು ಆಡುವ ಹಿರಿಯರು. ನೋಡಿದರೆ ಯಾರಾದರೂ ಏನಂದುಕೊಂಡಾರು? ಪಿಂಚಣಿ, ಪೂಜೆ, ಕಾಫಿ, ಕ್ಲಬ್ಬು. ಆದರೆ ಆ ತಲೆಯೊಳಗೆ ಒಂದು ಅರಮನೆಯೇ ಹೊತ್ತಿ ಉರಿಯುತ್ತಿತ್ತು!

ಕಾದಂಬರಿ ಬಂದದ್ದು 1956ರಲ್ಲಿ. ಆಗ ಅವರಿಗೆ ವಯಸ್ಸೆಷ್ಟು? ಅರವತ್ತೈದು! ಅದಕ್ಕೆ ಜ್ಞಾನಪೀಠ ಬಂದದ್ದು ಯಾವಾಗ? 1983ರಲ್ಲಿ, ತೊಂಬತ್ತೆರಡರ ಪ್ರಾಯದಲ್ಲಿ! ಕುವೆಂಪು, ಬೇಂದ್ರೆ, ಕಾರಂತರ ನಂತರ ಕನ್ನಡಕ್ಕೆ ನಾಲ್ಕನೆಯದು. ಇನ್ನೊಂದು ಕೇಳಿ. ಮಾಸ್ತಿ ಹುಟ್ಟಿದ್ದು 1891ರ ಜೂನ್ 6. ತೀರಿಕೊಂಡದ್ದು? 1986ರ ಜೂನ್ 6! ಅದೇ ತಿಂಗಳು, ಅದೇ ತಾರೀಖು. ಸರಿಯಾಗಿ ತೊಂಬತ್ತೈದು ತುಂಬಿದ ದಿನ! ಇಂಥದ್ದನ್ನು ಕಾದಂಬರಿಯಲ್ಲಿ ಬರೆದಿದ್ದರೆ 'ಇದು ಅತಿಯಾಯಿತು' ಅನ್ನುತ್ತಿದ್ದೆವು.

ಬನ್ನಿ, ಈಗ ಆ ಮನೆಯೊಳಗೆ ಹೋಗೋಣ.

ಹಾಲೇರಿ ಅರಸರ ಮನೆ. ದೊಡ್ಡವೀರರಾಜೇಂದ್ರ ಎಂಥ ಗಂಡುಗಲಿ! ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದವನು 1788ರಲ್ಲಿ ತಪ್ಪಿಸಿಕೊಂಡು ಬಂದು ಕೊಡಗನ್ನು ಮತ್ತೆ ಕಟ್ಟಿದವನು. ಇಂಗ್ಲಿಷರ ಜೊತೆ 1790ರಲ್ಲಿ ಒಪ್ಪಂದ ಮಾಡಿಕೊಂಡವನು. ಅಂಥವನಿಗೆ ಒಂದೇ ಒಂದು ಕೊರಗು. ಏನು? ಗಂಡುಮಕ್ಕಳಿಲ್ಲ!

ಹಾಗಾದರೆ ಪಟ್ಟ ಯಾರಿಗೆ? ಮಗಳು ದೇವಮ್ಮಾಜಿಗೆ ಎಂದ ಅರಸ. ಇನ್ನೂ ಎಳೆಯ ಹುಡುಗಿ! ಕಂಪನಿ ಸರ್ಕಾರಕ್ಕೂ ಹೇಳಿಟ್ಟ. ಅವಳ ಹೆಸರಿನಲ್ಲಿ ಕಂಪನಿಯಲ್ಲಿ ದುಡ್ಡನ್ನೂ ಇಟ್ಟ. ಈ ದುಡ್ಡನ್ನು ಮಾತ್ರ ಮರೆಯಬೇಡಿ. ಐವತ್ತು ವರ್ಷದ ಮೇಲೆ, ಸಾವಿರಾರು ಮೈಲಿ ಆಚೆ ಇದು ಮತ್ತೆ ಎದುರಾಗುತ್ತದೆ!

1809ರಲ್ಲಿ ಅರಸ ತೀರಿಕೊಂಡ. ಎರಡೇ ವರ್ಷ! ತಮ್ಮ ಲಿಂಗರಾಜ ಹುಡುಗಿಯನ್ನು ಪಕ್ಕಕ್ಕೆ ಸರಿಸಿ ತಾನೇ ಗದ್ದಿಗೆ ಏರಿದ. ಮೊದಲ ಬಿರುಕು ಇಲ್ಲೇ. ಲಿಂಗರಾಜ 1820ರಲ್ಲಿ ಹೋದ. ಅವನ ಮಗ ಪಟ್ಟಕ್ಕೆ ಬಂದ. ಸುಮಾರು ಇಪ್ಪತ್ತರ ಹುಡುಗ. ಅವನೇ ಚಿಕ್ಕವೀರರಾಜೇಂದ್ರ!

ಈಗ ಒಂದು ಪ್ರಶ್ನೆ. ಚಿಕ್ಕವೀರನ ತಂಗಿಯ ಹೆಸರೇನು?

ದೇವಮ್ಮಾಜಿ!

ಏನು, ಮತ್ತೆ ದೇವಮ್ಮಾಜಿಯೇ? ಹೌದು! ಇಬ್ಬರು ದೇವಮ್ಮಾಜಿಯರು! ಒಬ್ಬಳು ದೊಡ್ಡಪ್ಪನ ಮಗಳು, ಗದ್ದಿಗೆ ತಪ್ಪಿದವಳು. ಇನ್ನೊಬ್ಬಳು ಒಡಹುಟ್ಟಿದವಳು, ಚೆನ್ನಬಸಪ್ಪನನ್ನು ಮದುವೆಯಾದವಳು. ಮಾಸ್ತಿಯವರಲ್ಲಿ ಅವನು ಚೆನ್ನಬಸವ. ಒಂದೇ ಮನೆ, ಒಂದೇ ಹೆಸರು, ಇಬ್ಬರಿಗೂ ಒಬ್ಬನೇ ಯಮ. ದೊಡ್ಡಪ್ಪನ ಮಗಳನ್ನು ಚಿಕ್ಕವೀರ ಕೊಲ್ಲಿಸಿದ ಎಂದು ಹರ್ಮನ್ ಮೊಗ್ಲಿಂಗ್ ಬರೆದಿಟ್ಟಿದ್ದಾನೆ. ಯಾವ ಮೊಗ್ಲಿಂಗ್? ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ತಂದನಲ್ಲ, ಅವನೇ! ಅವನ ಕೊಡಗಿನ ಪುಸ್ತಕ ಅಚ್ಚಾದದ್ದು 1855ರಲ್ಲಿ. ಎಲ್ಲಿ ಅಂತ ಕೇಳಬೇಡಿ, ನಾನೇ ಹೇಳುತ್ತೇನೆ. ಬೆಂಗಳೂರಿನಲ್ಲಿ! ಈ ಊರಿಗೂ ಆ ಮನೆಗೂ ಯಾವ ಜನ್ಮದ ನಂಟೋ!

ಒಡಹುಟ್ಟಿದ ದೇವಮ್ಮಾಜಿ ಸುಮ್ಮನೆ ಕೂರಲಿಲ್ಲ. 1832ರಲ್ಲಿ ಗಂಡನ ಜೊತೆ ಕೊಡಗಿನಿಂದ ತಪ್ಪಿಸಿಕೊಂಡು ಮೈಸೂರು ಸೀಮೆಗೆ ಬಂದಳು. ನೇರ ಯಾರ ಹತ್ತಿರ ಹೋದರು? ಇಂಗ್ಲಿಷ್ ರೆಸಿಡೆಂಟ್ ಕ್ಯಾಸಮೇಜರ್ ಹತ್ತಿರ! 'ಜೀವ ಉಳಿಸಿ' ಎಂದು ಮೊರೆಯಿಟ್ಟರು.

ಅರಸನಿಗೆ ಹೇಗಾಗಿರಬೇಡ! ಮನೆಯ ಮಾನ ಬೀದಿಗೆ ಬಂತು. ತಂಗಿಯನ್ನು ಕಳಿಸಿ ಅಂದ. ಕಂಪನಿ ಕಳಿಸಲಿಲ್ಲ. ಮತ್ತೆ ಕೇಳಿದ. ಇಲ್ಲ! ಮಾತುಕತೆಗೆಂದು ಕಂಪನಿ ಕರುಣಾಕರ ಮೆನನ್ ಎಂಬ ಅಧಿಕಾರಿಯನ್ನು ಮಡಿಕೇರಿಗೆ ಕಳಿಸಿತು. ಚಿಕ್ಕವೀರ ಏನು ಮಾಡಿದ? ಊಹಿಸಿ.

ಅವನನ್ನೇ ಹಿಡಿದಿಟ್ಟುಕೊಂಡ! ಮೊದಲು ನನ್ನ ತಂಗಿಯನ್ನು ಕೊಡಿ, ಆಮೇಲೆ ನಿಮ್ಮ ಮನುಷ್ಯನನ್ನು ಕೊಡುತ್ತೇನೆ ಎಂದ!

ಓದುತ್ತ ಕೂತರೆ ರೋಮಾಂಚನ! ಗದ್ದಿಗೆಯ ಮೇಲೆ ಕೂತ ಅಣ್ಣ, ಹೆದರಿ ಓಡಿದ ತಂಗಿ. ಕಂಸ ನೆನಪಾಗದೆ ಇರುತ್ತಾನೆಯೇ? ಆದರೆ ಮಾಸ್ತಿಯವರ ಜಾಣತನ ನೋಡಿ. ಅವರ ಅರಸ ಬರೀ ರಾಕ್ಷಸನಲ್ಲ. ಕೆಟ್ಟವನು, ಹೌದು. ಕುಡುಕ, ಹೌದು. ಆದರೂ ಅವನ ಮೇಲೆ ಒಂದು ಕನಿಕರ ಉಳಿಯುತ್ತದೆ. ಅವನನ್ನು ಕೆಡಿಸಿದವರ ಪಟ್ಟಿಯೂ ದೊಡ್ಡದು. ರಾಣಿ ಗೌರಮ್ಮನಂತೂ ಕನ್ನಡ ಕಾದಂಬರಿಗಳ ಅತಿ ಗಟ್ಟಿ ಹೆಂಗಸರಲ್ಲಿ ಒಬ್ಬಳು. ಗಂಡ, ನಾದಿನಿ, ಮಂತ್ರಿ, ಪ್ರಜೆ ಇವರ ನಡುವೆ ಎಲ್ಲ ಕಡೆಯ ಪೆಟ್ಟೂ ಅವಳಿಗೇ. ಒಮ್ಮೆಯೂ ಗಟ್ಟಿ ದನಿ ತೆಗೆಯದೆ ಇಡೀ ಪುಸ್ತಕವನ್ನೇ ಹೊತ್ತು ನಿಲ್ಲುತ್ತಾಳೆ! ನನ್ನ ತಕರಾರು ಒಂದೇ: ಮಾಸ್ತಿಯವರ ಇಂಗ್ಲಿಷರು ಇರಬೇಕಾದ್ದಕ್ಕಿಂತ ತುಸು ಹೆಚ್ಚೇ ಸಭ್ಯರು. ಇರಲಿ.

ಮನೆಯಲ್ಲಿ ಇನ್ನೊಬ್ಬನಿದ್ದಾನೆ. ಕುಂಟ ಬಸವ! ಅರಸನ ಒಡನಾಡಿ, ಆಮೇಲೆ ಮಂತ್ರಿ, ಊರಿಗೆಲ್ಲ ಸಿಂಹಸ್ವಪ್ನ. ಇತಿಹಾಸದಲ್ಲೂ ಇದ್ದವನೇ. ಆದರೆ ಕಾದಂಬರಿಯಲ್ಲಿ ಅವನ ಹುಟ್ಟಿನ ಬಗ್ಗೆ ಒಂದು ಗುಟ್ಟಿದೆ. ಅವನು ಯಾರ ಮಗ?

ಹೇಳಲಾರೆ! ಹೇಳಿದರೆ ನೀವು ಓದುವುದಿಲ್ಲ. ಉತ್ತರ ಆ ಮನೆಯ ಗೋಡೆಯ ಆಚೆಗಿಲ್ಲ, ಅಷ್ಟು ಹೇಳಬಲ್ಲೆ. ಆ ಪುಟ ಬಂದಾಗ ಪುಸ್ತಕ ಮುಚ್ಚಿ ಒಂದು ನಿಮಿಷ ಸುಮ್ಮನೆ ಕೂರುತ್ತೀರಿ, ಬರೆದಿಟ್ಟುಕೊಳ್ಳಿ!

ಈಗ 1834. ಏಪ್ರಿಲ್ ತಿಂಗಳು.

ಕಂಪನಿಯ ಪಡೆ ನಾಲ್ಕು ಕಡೆಯಿಂದ ಕೊಡಗಿಗೆ ನುಗ್ಗಿತು. ಮೇಲುಸ್ತುವಾರಿ ಕರ್ನಲ್ ಫ್ರೇಸರ್‌ನದು. ಇಷ್ಟು ದೊಡ್ಡ ಸೇನೆಯ ಮುಂದೆ ಪುಟ್ಟ ಕೊಡಗು ಏನು ಮಾಡೀತು ಅಂದಿರಾ? ತಡೆಯಿರಿ! ಉತ್ತರದಿಂದ ಬಂದ ದಂಡು ಒಂದು ಕಡಂಗದ ಎದುರು ಸಿಕ್ಕಿಬಿತ್ತು. ಬಿದಿರು ಮೆಳೆ, ಮರದ ದಿಮ್ಮಿ, ಮಣ್ಣಿನ ಗೋಡೆ. ಹಿಂದೆ ಕೊಡಗಿನ ಕೋವಿಗಳು. ಕಾವಲಿಗೆ ಮಾದಂಡ ಅಪ್ಪಚ್ಚು. ಗುಂಡಿನ ಸುರಿಮಳೆ! ಇಂಗ್ಲಿಷರ ಕಡೆ ಲೆಫ್ಟಿನೆಂಟ್ ಕರ್ನಲ್ ಒಬ್ಬ ಬಿದ್ದ. ದಂಡು ಹಿಮ್ಮೆಟ್ಟಿತು!

ಅಂದರೆ? ಆ ದಿಕ್ಕಿನಲ್ಲಿ ಕೊಡಗು ಗೆಲ್ಲುತ್ತಿತ್ತು!

ಹಾಗಾದರೆ ಸೋತದ್ದು ಎಲ್ಲಿ? ಮನೆಯಲ್ಲೇ ಸ್ವಾಮಿ! ಅರಸ ನಾಲ್ಕುನಾಡಿನ ಅರಮನೆ ಸೇರಿಕೊಂಡಿದ್ದ. ಇತ್ತ ಅವನದೇ ದಿವಾನ ಅಪ್ಪಾರಂಡ ಬೋಪು ಫ್ರೇಸರ್‌ನನ್ನು ಎದುರುಗೊಂಡು ಮಡಿಕೇರಿಗೆ ಕರೆತಂದ. ಏಪ್ರಿಲ್ 6ರಂದು ಕೋಟೆಯ ಮೇಲೆ ಇಂಗ್ಲಿಷ್ ಬಾವುಟ! ಮೇ 7ರಂದು ಕೊಡಗು ಕಂಪನಿಯ ಪಾಲು. ಹಾಲೇರಿಯವರ ಇನ್ನೂರು ವರ್ಷಗಳ ಆಳ್ವಿಕೆ ಮುಗಿಯಿತು. ಘೋಷಣೆಯಲ್ಲಿ ಏನೆಂದು ಬರೆದರು ಗೊತ್ತೇ? ಇದು ಕೊಡಗಿನ ಜನರೆಲ್ಲರ ಒಮ್ಮತದ ಆಸೆಯಂತೆ! ಎಲ್ಲರದಂತೆ! ಅಪ್ಪಚ್ಚುವನ್ನು ಯಾರು ಕೇಳಿದರೋ!

ಬೋಪು ದ್ರೋಹಿಯೇ? ನಾಡನ್ನು ಒಬ್ಬ ಕ್ರೂರಿಯಿಂದ ಉಳಿಸಿದವನೇ? ಮಾಸ್ತಿಯವರ ಬೋಪಣ್ಣ ಇದೇ ಪ್ರಶ್ನೆಯಲ್ಲಿ ಬೇಯುತ್ತಾನೆ. ಅರಸನಿಗೆ ನಿಷ್ಠೆಯೋ, ನಾಡಿಗೆ ನಿಷ್ಠೆಯೋ? ಎರಡೂ ಒಂದೇ ಆಗಿದ್ದ ಕಾಲ ಕಣ್ಣೆದುರೇ ಮುಗಿದಾಗ ಮನುಷ್ಯ ಏನು ಮಾಡಬೇಕು? ಮಾಸ್ತಿ ತೀರ್ಪು ಕೊಡುವುದಿಲ್ಲ. ಎಂಥ ಕಾದಂಬರಿಕಾರ!

ಅಮೆರಿಕದ ದಕ್ಷಿಣದಲ್ಲೂ ಇದೇ ಕುದಿತ ತಾನೇ? ಅಲ್ಲಿನ ಅಧ್ಯಕ್ಷ ಲಿಂಕನ್ ಮನೆಯನ್ನೇ ನೋಡಿ. ಷಡ್ಡಕ ಬೆನ್ ಹಾರ್ಡಿನ್ ಹೆಲ್ಮ್‌ಗೆ ಲಿಂಕನ್ ತನ್ನ ಕಡೆ ಒಳ್ಳೆಯ ಹುದ್ದೆ ಕೊಡುತ್ತೇನೆಂದ. ಆತ ಒಲ್ಲೆನೆಂದು ಎದುರು ಪಡೆ ಸೇರಿ ಜನರಲ್ ಆದ. 1863ರಲ್ಲಿ ಯುದ್ಧದಲ್ಲೇ ಸತ್ತ! ಇಂಥ ಮನೆಗಳ ಮೇಲೆ ಅವರಲ್ಲಿ ಕಪಾಟುಗಟ್ಟಲೆ ಕಾದಂಬರಿಗಳಿವೆ. ನಮ್ಮಲ್ಲಿ? ಇವೆ! ಒಂದಲ್ಲ. ನಾವು ತೆಗೆದು ನೋಡಿಲ್ಲ, ಅಷ್ಟೆ.

ಈಗ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿದ ಸಂಗತಿಗೆ ಬರುತ್ತೇನೆ!

'ಚಿಕವೀರ ರಾಜೇಂದ್ರ'ಕ್ಕೂ ಮೊದಲು ಮಾಸ್ತಿ ಇನ್ನೊಂದು ಐತಿಹಾಸಿಕ ಕಾದಂಬರಿ ಬರೆದಿದ್ದರು. ಅದರ ಹೆಸರು 'ಚೆನ್ನಬಸವನಾಯಕ'. ಗಮನಿಸಿದಿರಾ? ಅಲ್ಲಿ ಚೆನ್ನಬಸವ, ಇಲ್ಲೂ ಚೆನ್ನಬಸವ! ಆದರೆ ನಾನು ಹೇಳಹೊರಟದ್ದು ಅದಲ್ಲ.

ಆ ಕತೆ ನಡೆಯುವುದು ಮಲೆನಾಡಿನ ಬಿದನೂರಿನಲ್ಲಿ. ಕೆಳದಿ ಅರಸರ ಕೊನೆಯ ರಾಜಧಾನಿ. ಅಲ್ಲೂ ಮನೆ ಎರಡಾಗಿದೆ. ರಾಣಿ ವೀರಮ್ಮಾಜಿ ಒಂದು ಕಡೆ. 'ನಾನೇ ಚೆನ್ನಬಸವನಾಯಕ, ನಾನೇ ವಾರಸುದಾರ, ನಾನು ಸತ್ತಿಲ್ಲ' ಎನ್ನುತ್ತ ಎದುರು ನಿಂತ ತರುಣ ಇನ್ನೊಂದು ಕಡೆ. ಆ ತರುಣನ ಬೆನ್ನಿಗೆ ಯಾರು? ಹೈದರಾಲಿ! 1763ರಲ್ಲಿ ಬಿದನೂರು ಹೈದರನ ಕೈಗೆ ಬಿತ್ತು. ಊರಿನ ಹೆಸರೇ ಬದಲಾಗಿ ಹೈದರನಗರವಾಯಿತು. ಇವತ್ತು ಹೊಸನಗರದ ಬಳಿ ನಾವು ನೋಡುವ ನಗರ ಇದೇ. ರಾಣಿಯನ್ನು ಮಧುಗಿರಿಯಲ್ಲಿ ಸೆರೆಯಿಟ್ಟ. ವಾರಸುದಾರನಿಗೆ ರಾಜ್ಯ ಸಿಕ್ಕಿತೇ? ಎಲ್ಲಿಯ ಮಾತು!

ಬಿದನೂರು ಎಲ್ಲಿ, ಮಡಿಕೇರಿ ಎಲ್ಲಿ. ಎರಡು ರಾಜ್ಯ, ಎರಡು ಕಾಲ. ಅಲ್ಲವೇ?

ಅಲ್ಲ! ಕೊಡಗಿನ ಹಾಲೇರಿ ವಂಶದ ಮೂಲಪುರುಷ ಬಂದದ್ದು ಎಲ್ಲಿಂದ? ಇಕ್ಕೇರಿಯಿಂದ! ಕೆಳದಿ–ಇಕ್ಕೇರಿ ಅರಸುಮನೆಯ ಕವಲೊಂದು ಜಂಗಮನ ವೇಷದಲ್ಲಿ ಕೊಡಗಿಗೆ ಬಂದು, ಹಾಲೇರಿಯಲ್ಲಿ ನೆಲೆಯೂರಿ, ನಾಡು ಹಿಡಿಯಿತು ಎಂದೇ ಪರಂಪರೆ ಹೇಳುತ್ತದೆ. ಅಂದರೆ ಮಾಸ್ತಿಯವರ ಎರಡೂ ಐತಿಹಾಸಿಕ ಕಾದಂಬರಿಗಳು ಒಂದೇ ರಕ್ತದ ಕತೆ! ಒಂದೇ ಮರ. ಒಂದು ಕೊಂಬೆ 1763ರಲ್ಲಿ ಮುರಿಯಿತು, ಇನ್ನೊಂದು 1834ರಲ್ಲಿ. ಎರಡು ಸಲವೂ ಹೊರಗಿನ ಕೊಡಲಿಗೆ ಕಾವು ಒದಗಿದ್ದು ಮನೆಯಿಂದಲೇ!

ಗವಿಪುರದ ಆ ಮನೆಯಲ್ಲಿ ಕೂತ ಮನುಷ್ಯ ಇದನ್ನು ಎಷ್ಟು ವರ್ಷ ಮನಸ್ಸಿನಲ್ಲಿ ಮಥಿಸಿರಬೇಕು!

ಇನ್ನು ಪುಸ್ತಕ ಮುಗಿದ ಮೇಲಿನ ಕತೆ. ಅರಸನನ್ನು ಕೊಡಗಿನಿಂದ ಸಾಗಿಸಿದರು. ಮೊದಲು ವೆಲ್ಲೂರು, ಆಮೇಲೆ ಕಾಶಿ. ಅಲ್ಲಿಗೆ ಮುಗಿಯಿತೆಂದುಕೊಂಡಿರಾ?

ಅವನ ಮಗಳೊಬ್ಬಳು ಯಾರ ಕೈಹಿಡಿದಳು? ನೇಪಾಳವನ್ನೇ ಮುಷ್ಟಿಯಲ್ಲಿಟ್ಟುಕೊಂಡಿದ್ದ ಜಂಗ್ ಬಹಾದ್ದೂರ್ ರಾಣನ ಕೈ! ಕೊಡಗಿನ ಹುಡುಗಿ ಕಾಠ್ಮಂಡುವಿಗೆ! ಇನ್ನೊಬ್ಬಳು ಗೌರಮ್ಮ, 1841ರಲ್ಲಿ ಕಾಶಿಯಲ್ಲೇ ಹುಟ್ಟಿದವಳು. ಅವಳ ಪಯಣ ಇನ್ನೂ ದೂರ. 1852ರಲ್ಲಿ ಅಪ್ಪ ಅವಳನ್ನು ಕರೆದುಕೊಂಡು ಹಡಗು ಹತ್ತಿದ. ಲಂಡನ್! ಹನ್ನೊಂದರ ಹುಡುಗಿಗೆ ಕ್ರೈಸ್ತ ದೀಕ್ಷೆ. ದೀಕ್ಷೆಗೆ ಧರ್ಮಮಾತೆಯಾಗಿ ನಿಂತವರು ಯಾರು? ಸಾಕ್ಷಾತ್ ವಿಕ್ಟೋರಿಯಾ ಮಹಾರಾಣಿ! ತನ್ನ ಹೆಸರನ್ನೇ ಕೊಟ್ಟಳು: ವಿಕ್ಟೋರಿಯಾ ಗೌರಮ್ಮ.

ಆದರೆ ಅರಸ ಅಷ್ಟು ದೂರ ಹೋದದ್ದು ಬರೀ ಇದಕ್ಕೇ? ಆ ದುಡ್ಡು ನೆನಪಿದೆಯೇ? ದೊಡ್ಡಪ್ಪ ಮಗಳು ದೇವಮ್ಮಾಜಿಯ ಹೆಸರಿನಲ್ಲಿ ಕಂಪನಿಯಲ್ಲಿಟ್ಟ ದುಡ್ಡು! ಅದು ನನ್ನದು, ಕೊಡಿ ಎಂದು ಚಿಕ್ಕವೀರ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಲಂಡನ್ನಿನ ನ್ಯಾಯಾಲಯದಲ್ಲೇ ದಾವೆ ಹೂಡಿದ! ರಾಜ್ಯ ಕಿತ್ತುಕೊಂಡವರ ಊರಿನಲ್ಲಿ, ಅವರ ಕೋರ್ಟಿನಲ್ಲಿ, ಅವರ ಮೇಲೆಯೇ! ಧೈರ್ಯ ಅಂದರೆ ಇದು. ದುಡ್ಡು ತನ್ನದೆಂದ ಇದೇ ಅರಸ ದೊಡ್ಡಪ್ಪನ ಮಗಳಿಗೆ ಮಾಡಿದ್ದೇನು ಎಂಬುದು ನೆನಪಾದರೆ ಚಪ್ಪಾಳೆಗೆ ಎತ್ತಿದ ಕೈ ಹಾಗೇ ನಿಲ್ಲುತ್ತದೆ, ಆ ಮಾತು ಬೇರೆ.

ತೀರ್ಪು ಬರುವ ಹೊತ್ತಿಗೆ ಅವನೇ ಇರಲಿಲ್ಲ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. 1860ರಲ್ಲಿ ಕೋರ್ಟು ಹೇಳಿತು: ಇದು ರಾಜ್ಯ–ರಾಜ್ಯಗಳ ನಡುವಿನ ಯುದ್ಧದ ವ್ಯವಹಾರ, ನಾವು ಕೈಹಾಕುವಂತಿಲ್ಲ. ದುಡ್ಡು ಹೋಯಿತು! ಗೌರಮ್ಮ ಅದೇ ವರ್ಷ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. ಅವಳನ್ನು ಪಂಜಾಬಿನ ದುಲೀಪ್ ಸಿಂಗನಿಗೆ ಕೊಡಬೇಕೆಂದು ಮಹಾರಾಣಿಯ ಮನಸ್ಸಿನಲ್ಲಿತ್ತು. ಅವನು ಒಪ್ಪಲಿಲ್ಲ. ಗೌರಮ್ಮ 1864ರಲ್ಲಿ ಕ್ಷಯದಿಂದ ತೀರಿಕೊಂಡಾಗ ವಯಸ್ಸೆಷ್ಟು? ಇಪ್ಪತ್ತೆರಡು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿ ಇವತ್ತಿಗೂ ಇದೆ.

ಇತ್ತ ಊರಲ್ಲಿ? ಅಮೆರಿಕದ ಅಂತರ್ಯುದ್ಧದ ಮಾತು ಬಂದಿತ್ತಲ್ಲ, ನಮ್ಮದು ಈಗ ಬಂತು!

ಅರಸ ಹೋದ ಮೇಲೆ ಕಂಪನಿ ಸುಳ್ಯ ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆದ ಬೆಳೆಯಲ್ಲೇ ಕೊಡಬಹುದಿತ್ತು. ಈಗ? ನಗದು! ರೊಕ್ಕ ಎಣಿಸಿ! ರೈತ ಎಲ್ಲಿಂದ ತರಬೇಕು? ಸಾಹುಕಾರನ ಬಾಗಿಲಿಗೇ ಹೋಗಬೇಕು. ಜನ ಸಿಡಿದರು. ಕೆದಂಬಾಡಿ ರಾಮಯ್ಯ ಗೌಡರು ಮುಂದೆ ನಿಂತರು. ಆದರೆ ಜನ ಒಂದಾಗಲು ಒಂದು ಹೆಸರು ಬೇಕಲ್ಲ? ಅರಸುಮನೆಯ ಹೆಸರು!

ಬಂತು. 'ಕಲ್ಯಾಣಸ್ವಾಮಿ', ಹಾಲೇರಿ ವಂಶದ ಕುಡಿ! ನಿಜಕ್ಕೂ ಆ ವೇಷದೊಳಗಿದ್ದವನು? ಪುಟ್ಟಬಸಪ್ಪ! ಬಿದನೂರಿನ ಆಟ ಮತ್ತೊಮ್ಮೆ! ಮನೆ ಒಡೆದಲ್ಲೆಲ್ಲ 'ನಾನೇ ವಾರಸುದಾರ' ಎನ್ನುವವನೊಬ್ಬ ಕಾಡಿನಿಂದ ಬರುತ್ತಾನೆ.

ಬೆಳ್ಳಾರೆಯ ಖಜಾನೆ ಕೈಗೆ ಬಂತು. ಪುತ್ತೂರು ದಾಟಿದರು. ದಾರಿಯುದ್ದಕ್ಕೂ ಜನ ಸೇರಿದರು. 1837ರ ಏಪ್ರಿಲ್ 5ರಂದು ಮಂಗಳೂರು! ಕಲೆಕ್ಟರ್ ಲೆವಿನ್ ಹಡಗು ಹತ್ತಿ ಕಣ್ಣೂರಿಗೆ ಪರಾರಿ! ಗುಡ್ಡದ ಮೇಲೆ ಕಲ್ಯಾಣಪ್ಪನ ಬಾವುಟ ಹಾರಿತು. ಇವತ್ತಿಗೂ ಆ ಜಾಗದ ಹೆಸರು ಬಾವುಟಗುಡ್ಡ! ಎಷ್ಟು ದಿನ ಆಳಿದರು? ಹದಿಮೂರು ದಿನ ಎನ್ನುತ್ತಾರೆ ಆ ಕಡೆಯ ಜನ. ಸಿಪಾಯಿ ದಂಗೆಗೆ ಇನ್ನೂ ಇಪ್ಪತ್ತು ವರ್ಷ ಇತ್ತು, ನೆನಪಿರಲಿ!

ಇದನ್ನು ಅಡಗಿಸಲು ಕಂಪನಿಗೆ ನೆರವಾದವರು ಯಾರು? ಕಡಲಾಚೆಯಿಂದ ಬಂದ ಗೋರಾಗಳಷ್ಟೇ ಅಲ್ಲ.

ದಿವಾನ ಬೋಪು! ತನ್ನ ಜೊತೆಗೆ ಕೊಡವರನ್ನು ಕಟ್ಟಿಕೊಂಡು ಹೊರಟ! ಮೂರು ವರ್ಷದ ಹಿಂದೆ ಒಂದೇ ಅರಸನ ಪ್ರಜೆಗಳಾಗಿದ್ದವರು ಈಗ ಎದುರುಬದುರು. ಗೌಡರ ಮನೆಗಳು ಆ ಕಡೆ, ಎಷ್ಟೋ ಕೊಡವ ಮನೆಗಳು ಈ ಕಡೆ. ಇದನ್ನಲ್ಲದೆ ಇನ್ನಾವುದನ್ನು ಅಂತರ್ಯುದ್ಧ ಎನ್ನಬೇಕು?

ಆಮೇಲೆ ನೇಣು. ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ತೂಗಿದರು. ನಂದಾವರದ ಲಕ್ಷ್ಮಪ್ಪ ಬಂಗನಿಗೂ ಅದೇ ಗತಿ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲೇ ನೇಣಿಗೇರಿಸಿದರು.

ಮತ್ತು ಈ ಕಡೆಯವರಿಗೆ? ಪದಕ! ಚಿನ್ನದ್ದು, ಬೆಳ್ಳಿಯದ್ದು! ಕಂಪನಿ ಕಲ್ಕತ್ತೆಯ ಟಂಕಸಾಲೆಯಲ್ಲಿ ಹೊಡೆಸಿ ಹಂಚಿತು. ಆ ಪದಕವನ್ನು ಹತ್ತಿರದಿಂದ ನೋಡಿ. ಒಂದು ಮಗ್ಗುಲಲ್ಲಿ ಆಯುಧ ಹಿಡಿದ ಕೊಡವ ಯೋಧ. ಇನ್ನೊಂದು ಮಗ್ಗುಲಲ್ಲಿ ಕೊಡಗಿನ ಕತ್ತಿ. ಯೋಧನ ಸುತ್ತ ಒಂದು ಬರಹ. ಯಾವ ಭಾಷೆಯಲ್ಲಿ?

ಕನ್ನಡದಲ್ಲಿ!

ಎರಡು ತಿಂಗಳ ದಂಗೆ ಅಡಗಿಸುವಾಗ ಕಂಪನಿ ಸರ್ಕಾರಕ್ಕೆ ತೋರಿದ ನಿಷ್ಠೆಗೆ ಮೆಚ್ಚುಗೆ ಎಂದು ಕನ್ನಡ ಅಕ್ಷರಗಳಲ್ಲಿ ಕೊರೆದಿದ್ದಾರೆ! ಸತ್ತವರ ನುಡಿಯೂ ಕನ್ನಡ, ಪದಕದ ನುಡಿಯೂ ಕನ್ನಡ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಈ ಭಾಗವನ್ನು ಕಾದಂಬರಿ ಮಾಡಿದವರು ಇಲ್ಲವೇ? ಇದ್ದಾರೆ! ನಿರಂಜನ. ಒಂದಲ್ಲ, ಎರಡು: 'ಕಲ್ಯಾಣಸ್ವಾಮಿ', 'ಸ್ವಾಮಿ ಅಪರಂಪಾರ'. ನಿರಂಜನ ಹುಟ್ಟಿದ ಊರು ಯಾವುದು? ಸುಬ್ರಹ್ಮಣ್ಯದ ಬಳಿಯ ಕುಳಕುಂದ! ದಂಗೆಯೆದ್ದ ಸೀಮೆಯ ಮಗ್ಗುಲಿನ ಊರು! ಮಾಸ್ತಿ ಅರಮನೆಯ ಒಳಗಿನಿಂದ ನೋಡಿದರೆ ನಿರಂಜನ ಗದ್ದೆಯ ಬದುವಿನಿಂದ ನೋಡುತ್ತಾರೆ. ಮಾಸ್ತಿಯವರಿಗೆ ಮನೆ ಏಕೆ ಒಡೆಯಿತು ಎಂಬ ಸಂಕಟ. ನಿರಂಜನರಿಗೆ ಒಡೆದ ಮನೆಯ ಹೊರಗೆ ನಿಂತ ಜನರ ಸಿಟ್ಟು. ಒಬ್ಬರು ಹಳೆಯ ಮೈಸೂರಿನ ಅಧಿಕಾರಿ, ಇನ್ನೊಬ್ಬರು ಎಡಪಂಥದ ಹೋರಾಟಗಾರ. ಒಂದೇ ಕೊಡಗು, ಎರಡು ಕಣ್ಣು!

ಮಂಗಳೂರಿನ ಬಾವುಟಗುಡ್ಡದಲ್ಲಿ 2022ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಅತ್ತ ಹೋದಾಗ ನೋಡಿ ಬನ್ನಿ. ಅದಕ್ಕೂ ಮುಂಚೆ ಓದಿಕೊಂಡರೆ ಒಳ್ಳೆಯದು.

ಎಲ್ಲಿಂದ ಶುರು ಮಾಡಬೇಕು? ನನ್ನ ಸಲಹೆ: ಮೊದಲು 'ಚೆನ್ನಬಸವನಾಯಕ'. ಆಮೇಲೆ 'ಚಿಕವೀರ ರಾಜೇಂದ್ರ'. ನಿರಂಜನರನ್ನು ಕೊನೆಗಿಡಿ, ಆಗ ಕಿಡಿ ಜೋರಾಗಿ ಹಾರುತ್ತದೆ! ಜಯನಗರದ ಗ್ರಂಥಾಲಯದಲ್ಲಿ ಹುಡುಕಿ. ಸಿಗದಿದ್ದರೆ ಗಾಂಧಿಬಜಾರಿನ ಅಂಕಿತ ಪುಸ್ತಕದಲ್ಲಿ ಕೇಳಿ, ಹೇಗೂ ದೋಸೆಗೆ ಆ ಕಡೆ ಹೋಗುತ್ತೀರಲ್ಲ! ಓದುವ ಮುಂಚೆ ಒಂದು ಚೀಟಿಯಲ್ಲಿ ನೀವು ಯಾರ ಕಡೆ ಎಂದು ಬರೆದಿಡಿ. ಅಣ್ಣನೋ, ತಂಗಿಯೋ, ಬೋಪುವೋ, ಅಪ್ಪಚ್ಚುವೋ? ನಾನು ತಂಗಿಯ ಕಡೆ ಎಂದು ಶುರು ಮಾಡಿದವನು, ಅರ್ಧಕ್ಕೆ ಬರುವಷ್ಟರಲ್ಲಿ ರಾಣಿಯ ಕಡೆ ಸೇರಿಬಿಟ್ಟಿದ್ದೆ. ನೀವು ಎಷ್ಟನೆಯ ಪುಟದಲ್ಲಿ ಪಕ್ಷ ಬದಲಿಸುತ್ತೀರಿ, ನೋಡೋಣ!